ಆರನೇ ವಿಷಯವಾಗಿ ಫ್ರೆಂಚ್: ದಕ್ಷಿಣ ಕೊಡಗಿನ ಒಬ್ಬ ಹುಡುಗಿಯ ಒಂಬತ್ತು ವರ್ಷ

2016ರ ಜೂನ್. ಮಳೆ ಆಗಷ್ಟೇ ಹಿಡಿದಿತ್ತು. ಗೋಣಿಕೊಪ್ಪದ ಹತ್ತಿರ ಐದೆಕರೆ ರೋಬಸ್ಟಾ ಕಾಫಿ ತೋಟ ಇರುವ ಒಬ್ಬ ಬೆಳೆಗಾರರು ಎಂಟನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಬಂದು ನನ್ನ ಮುಂದೆ ಕುಳಿತಿದ್ದರು. ನಾನು ಅಲ್ಲಿನ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದೆ. ಇಂಗ್ಲಿಷ್, ಕನ್ನಡದ ಜತೆಗೆ ಮೂರನೇ ಭಾಷೆಯಾಗಿ ಹಿಂದಿ ಅಥವಾ ಫ್ರೆಂಚ್ ಆರಿಸಬೇಕಿತ್ತು. ಅವರು ಕೇಳಿದ್ದು ಒಂದೇ ಮಾತು: "ಮೇಡಂ, ಇದರಿಂದ ಮುಂದೆ ಕಾಲೇಜಿಗೆ ಏನಾದರೂ ಉಪಯೋಗ ಉಂಟಾ?"

"ಮಾರ್ಕ್ಸ್ ಚೆನ್ನಾಗಿ ಬರುತ್ತೆ" ಅಂದುಬಿಟ್ಟೆ. ಆಗ ಎಲ್ಲರೂ ಕೊಡುತ್ತಿದ್ದ ಉತ್ತರ ಅದೇ. ಈಗ ಆ ಉತ್ತರ ನೆನಪಾದರೆ ಬೇಸರವಾಗುತ್ತದೆ. ಆ ಹುಡುಗಿ 2025ರಲ್ಲಿ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಬಿಎಸ್ಸಿ ಅರಣ್ಯಶಾಸ್ತ್ರ ಮುಗಿಸಿದಳು. ಇಷ್ಟು ವರ್ಷವೂ ಅವಳು ನನ್ನ ಸಂಪರ್ಕದಲ್ಲಿದ್ದಾಳೆ. ಹೈಸ್ಕೂಲಿನಲ್ಲಿ ಕಲಿತ ಫ್ರೆಂಚ್ ಅವಳಿಗೆ ಕಾಲೇಜಿನಲ್ಲಿ ಎಲ್ಲಿ ಕೈ ಹಿಡಿಯಿತು, ಎಲ್ಲಿ ಏನೂ ಮಾಡಲಿಲ್ಲ ಎಂದು ಅವಳನ್ನೇ ಕೂರಿಸಿಕೊಂಡು ಕೇಳಿದೆ. ನನ್ನ ಹಳೇ ಡೈರಿಗಳನ್ನೂ ತೆಗೆದು ನೋಡಿದೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಳು, ಹಾಗಾಗಿ ಹುಡುಗಿ ಎಂದೇ ಕರೆಯುತ್ತೇನೆ.

ಕನ್ನಡ ಬಿಡುವ ಪ್ರಶ್ನೆ

ಎಂಟನೇ ಕ್ಲಾಸು ತೊಂದರೆಯಿಲ್ಲದೆ ಮುಗಿಯಿತು. ನಿಜವಾದ ಇಕ್ಕಟ್ಟು ಬಂದದ್ದು ಒಂಬತ್ತಕ್ಕೆ. ಅಲ್ಲಿ ಮುಖ್ಯ ವಿಷಯ ಐದು, ಅದರಲ್ಲಿ ಭಾಷೆ ಎರಡು. ಇಂಗ್ಲಿಷ್ ಒಂದು. ಇನ್ನೊಂದು ಜಾಗಕ್ಕೆ ಕನ್ನಡವೋ ಫ್ರೆಂಚೋ? ಫ್ರೆಂಚ್ ಪ್ರಶ್ನೆಪತ್ರಿಕೆಯ ರೀತಿ ಗೊತ್ತಿದ್ದರೆ ಒಳ್ಳೆಯ ಅಂಕ ಬರುತ್ತದೆ ಎಂಬ ಮಾತು ಪೋಷಕರಲ್ಲಿ ಓಡಾಡುತ್ತಿತ್ತು. ಅವಳ ಕ್ಲಾಸಿನ ಕೆಲವರು ಅದೇ ಕಾರಣಕ್ಕೆ ಕನ್ನಡವನ್ನು ಅಂಕದ ಪಟ್ಟಿಯಿಂದ ಹೊರಗಿಟ್ಟು ಫ್ರೆಂಚ್ ತೆಗೆದುಕೊಂಡರು.

ಅಪ್ಪ ಒಪ್ಪಲಿಲ್ಲ. ಅವರ ಮನೆಮಾತು ಅರೆಭಾಷೆ. "ಮನೇಲಿ ಅರೆಭಾಷೆ ಆಯ್ತು, ಶಾಲೆಯಲ್ಲಿ ಕನ್ನಡವೂ ಹೋದರೆ ಇವಳು ತಾಲೂಕು ಆಫೀಸಿಗೆ ಒಂದು ಅರ್ಜಿ ಬರೆಯೋದು ಹೇಗೆ?" ಎಂದರು. ಹುಡುಗಿಗೆ ಅರಣ್ಯ ಇಲಾಖೆ ಸೇರುವ ಆಸೆ ಆಗಲೇ ಇತ್ತು. ರಾಜ್ಯದ ಕೆಲಸಕ್ಕೆ ಕನ್ನಡ ಬೇಕೇ ಬೇಕು. ಅಪ್ಪನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಫ್ರೆಂಚ್ ಕಲಿಸುವವಳಾಗಿಯೇ ಹೇಳುತ್ತೇನೆ, ಕನ್ನಡವನ್ನು ಮಾರಿ ಫ್ರೆಂಚ್ ಕೊಳ್ಳುವ ವ್ಯಾಪಾರ ಕೊಡಗಿನ ಮಕ್ಕಳಿಗೆ ನಷ್ಟದ್ದು.

ದಾರಿ ನಿಯಮದಲ್ಲೇ ಇತ್ತು. ಸಿಬಿಎಸ್‌ಇಯಲ್ಲಿ ಐದು ವಿಷಯದ ಮೇಲೆ ಇನ್ನೊಂದು ಭಾಷೆಯನ್ನು ಹೆಚ್ಚುವರಿ ವಿಷಯವಾಗಿ ತೆಗೆದುಕೊಳ್ಳಬಹುದಿತ್ತು. ಇಂಗ್ಲಿಷ್ ಮತ್ತು ಕನ್ನಡ ಮುಖ್ಯ ಭಾಷೆ, ಫ್ರೆಂಚ್ ಆರನೇ ವಿಷಯ. ಶಾಲೆಗೆ ಇದು ಇಷ್ಟವಾಗಲಿಲ್ಲ. ಟೈಮ್‌ಟೇಬಲ್‌ನಲ್ಲಿ ಜಾಗವಿಲ್ಲ ಎಂದರು. ಕೊನೆಗೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ನಲವತ್ತು ನಿಮಿಷ, ವಾರಕ್ಕೆ ಮೂರು ದಿನ ಸಿಕ್ಕಿತು. ಅವಳು ಮೊದಲ ಬಸ್ಸಿಗೆ ಬರುತ್ತಿದ್ದಳು. ಡಿಸೆಂಬರಿನ ಮಂಜಿನಲ್ಲಿ ಕೈ ಉಜ್ಜಿಕೊಳ್ಳುತ್ತಾ ಕ್ರಿಯಾಪದ ಹೇಳುತ್ತಿದ್ದಳು.

ಇಲ್ಲಿ ಒಂದು ಲೆಕ್ಕ ಹೇಳಬೇಕು, ಯಾಕೆಂದರೆ ಪೋಷಕರು ಇದನ್ನು ಕೇಳುವುದೇ ಇಲ್ಲ. ವಾರಕ್ಕೆ ಎರಡು ಗಂಟೆ, ವರ್ಷಕ್ಕೆ ಸುಮಾರು 35 ವಾರ. ಅಂದರೆ 70 ಗಂಟೆ. ಮೂರು ವರ್ಷಕ್ಕೆ 210. ಯುರೋಪಿನ ಭಾಷಾ ಮಟ್ಟಗಳು ಎ1ರಿಂದ ಸಿ2ರವರೆಗೆ ಆರು. ಎ2 ಮುಟ್ಟಲು ಹೆಚ್ಚುಕಡಿಮೆ 200 ಗಂಟೆ ಬೇಕು. ಫ್ರೆಂಚಿನಲ್ಲೇ ಡಿಗ್ರಿ ಓದಲು ಸಾಮಾನ್ಯವಾಗಿ ಕೇಳುವ ಬಿ2ಗೆ 550ಕ್ಕೂ ಮೇಲೆ. ಆದ್ದರಿಂದ ಹೈಸ್ಕೂಲ್ ಫ್ರೆಂಚ್ ಕಲಿತ ಮಗು ನೇರ ಪ್ಯಾರಿಸ್ಸಿಗೆ ಹೋಗಿ ಪಾಠ ಕೇಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅರ್ಧ ದಾರಿಯೂ ಆಗಿರುವುದಿಲ್ಲ.

ಕಣದಲ್ಲಿ ಆದ ಮುಖಭಂಗ

ಒಂಬತ್ತನೇ ಕ್ಲಾಸಿನ ಕೊನೆಗೆ ಅವಳ ಅಂಕ ತುಂಬಾ ಚೆನ್ನಾಗಿತ್ತು. ಅದೇ ಫೆಬ್ರವರಿಯಲ್ಲಿ ಪಕ್ಕದ ತೋಟದ ಹೋಂಸ್ಟೇಗೆ ಫ್ರಾನ್ಸಿನ ಗಂಡ ಹೆಂಡತಿ ಬಂದಿದ್ದರು. ಇವರ ಕಣದಲ್ಲಿ ಕಾಫಿ, ಕರಿಮೆಣಸು ಒಣಗುತ್ತಿತ್ತು. ಅವರು ನೋಡಲು ಬಂದರು. ಮಗಳಿಗೆ ಫ್ರೆಂಚ್ ಬರುತ್ತದೆ ಎಂದು ಅಪ್ಪ ಹೆಮ್ಮೆಯಿಂದ ಕರೆದರು. ಆ ಹೆಂಗಸು ಮೆಣಸು ತೋರಿಸಿ ಏನೋ ಕೇಳಿದರು. ಹುಡುಗಿಗೆ ಮೆಣಸಿಗೆ "ಪ್ವಾವ್ರ್" ಅನ್ನುತ್ತಾರೆ ಎಂದು ಗೊತ್ತಿತ್ತು. ಎಷ್ಟು ದಿನ ಒಣಗಿಸುತ್ತೀರಿ ಎಂಬ ಸಣ್ಣ ಪ್ರಶ್ನೆ ಅರ್ಥವಾಗಲಿಲ್ಲ, ಉತ್ತರವೂ ಬಾಯಿಗೆ ಬರಲಿಲ್ಲ. ಒಳಗೆ ಓಡಿಹೋದಳು. ಮರುದಿನ ಕ್ಲಾಸಿಗೆ ಬಂದು ಅತ್ತಳು.

ತಪ್ಪು ಅವಳದಲ್ಲ. ನಾನು ವರ್ಷವಿಡೀ ಕಲಿಸಿದ್ದು ಬಿಟ್ಟ ಸ್ಥಳ ತುಂಬುವುದು, ಕಾಲ ಬದಲಾಯಿಸುವುದು, ಅನುವಾದ. ಪರೀಕ್ಷೆ ಅದನ್ನೇ ಕೇಳುತ್ತದೆ ಅಲ್ವಾ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆವತ್ತಿನಿಂದ ಕ್ಲಾಸಿನ ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿಡುವುದು ಎಂದು ಮಾಡಿದೆ. ಬಸ್ಸು ಯಾಕೆ ತಡವಾಯಿತು, ತೋಟದಲ್ಲಿ ನಿನ್ನೆ ಏನು ಕೆಲಸ, ಆನೆ ಬಂತಾ? ಇಂಥವೇ ಪ್ರಶ್ನೆ. ಆನೆಯ ಬಗ್ಗೆ ಮಕ್ಕಳಿಗೆ ಹೇಳಲು ಎಷ್ಟಿತ್ತೆಂದರೆ ಭೂತಕಾಲ ತಾನಾಗಿಯೇ ಕುಳಿತುಕೊಂಡಿತು.

ಕನ್ನಡದ ಮಕ್ಕಳಿಗೆ ಫ್ರೆಂಚಿನಲ್ಲಿ ಯಾವುದು ಸುಲಭ, ಯಾವುದು ಕಷ್ಟ ಎಂದು ನನಗೆ ಆಗಲೇ ಸರಿಯಾಗಿ ಕಂಡದ್ದು. "ತ್ಯು" ಮತ್ತು "ವು" ವ್ಯತ್ಯಾಸ ಒಂದೇ ದಿನದ ಪಾಠ. ನಮ್ಮ ನೀನು, ನೀವು ಇದ್ದ ಹಾಗೆಯೇ. ಬರೀ ಇಂಗ್ಲಿಷ್ ಗೊತ್ತಿರುವವರು ಇದರಲ್ಲಿ ಎಡವುತ್ತಾರೆ, ನಮ್ಮ ಮಕ್ಕಳು ಎಡವುವುದಿಲ್ಲ. "ಲ್ಯ", "ದ್ಯ" ಎಂದು ಬರುವ ಮಬ್ಬು ಸ್ವರವನ್ನು ಕನ್ನಡ ಲಿಪಿಯಲ್ಲಿ ಸರಿಯಾಗಿ ಬರೆಯಲು ಆಗುವುದಿಲ್ಲ. ಆದರೆ ಮನೆಯಲ್ಲಿ ಕೊಡವ ತಕ್ಕ್ ಆಡುವ ಮಕ್ಕಳು ಅದನ್ನು ಬೇಗ ಹಿಡಿದರು. ಅವರ ಮಾತಿನಲ್ಲೂ ಕನ್ನಡದ ಅಕ್ಷರಕ್ಕೆ ಸಿಗದ ಅಂಥ ಸ್ವರಗಳಿವೆ. ಮೂಗಿನಿಂದ ಬರುವ ಸ್ವರ ಕೊಂಕಣಿ ಮಕ್ಕಳಿಗೆ ಸಲೀಸು. ನಮ್ಮ ಹುಡುಗಿಗೆ ಮಾತ್ರ "ಬೋಂ" ಎನ್ನುವುದು ಬಹಳ ದಿನ "ಬಾನ್" ಆಗಿಯೇ ಇತ್ತು.

ಲಿಂಗ ಎಲ್ಲರಿಗೂ ಕಷ್ಟ. ಕನ್ನಡದಲ್ಲಿ ಗಂಡಸು, ಹೆಂಗಸು, ಉಳಿದದ್ದೆಲ್ಲ ನಪುಂಸಕ. ಅರ್ಥ ನೋಡಿದರೆ ಸಾಕು. ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗ, ಕಾಫಿ ಪುಲ್ಲಿಂಗ, ಕಾಡು ಸ್ತ್ರೀಲಿಂಗ, ಮರ ಪುಲ್ಲಿಂಗ. ಗುಣವಾಚಕವೂ ಅದಕ್ಕೆ ತಕ್ಕಂತೆ ಬದಲಾಗಬೇಕು. "ಇದನ್ನು ಯಾಕೆ ಕಲೀಬೇಕು ಮೇಡಂ?" ಎಂದು ಅವಳು ಕೇಳಿದ್ದಳು. ಆಗ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಉತ್ತರ ಅವಳೇ ಕೊಟ್ಟಳು.

ಮಳೆ, ಪರೀಕ್ಷೆ, ಖಾಲಿ ಎರಡು ವರ್ಷ

ಅವಳು ಹತ್ತರಲ್ಲಿದ್ದಾಗಲೇ 2018ರ ಆಗಸ್ಟ್ ಬಂದದ್ದು. ಮಡಿಕೇರಿ ಸುತ್ತಲಿನ ಬೆಟ್ಟಗಳು ಜಾರಿದ ಆ ದಿನಗಳನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಗೆ ರಜೆ. ಮಕ್ಕಂದೂರು ಕಡೆಯ ಅವಳ ಚಿಕ್ಕಮ್ಮನ ಮನೆಯವರು ಇವರ ಮನೆಗೆ ಬಂದು ತಿಂಗಳುಗಟ್ಟಲೆ ಉಳಿದರು. ಕಾಡು, ಮಣ್ಣು, ಇಳಿಜಾರು ಎಂಬ ವಿಷಯಕ್ಕೆ ಅವಳ ಮನಸ್ಸು ಗಟ್ಟಿಯಾಗಿ ಅಂಟಿಕೊಂಡದ್ದು ಆವಾಗಲೇ. ಶಾಲೆ ಮತ್ತೆ ಶುರುವಾದಾಗ ಪಾಠ ಹಿಂದೆ ಬಿದ್ದಿತ್ತು. ಎಲ್ಲರಿಗಿಂತ ಮೊದಲು ಕತ್ತರಿ ಬಿದ್ದದ್ದು ಆರನೇ ವಿಷಯಕ್ಕೆ. ವಾರಕ್ಕೆ ಮೂರು ಇದ್ದದ್ದು ಒಂದಾಯಿತು. 2019ರಲ್ಲಿ ಪರೀಕ್ಷೆ ಬರೆದಳು, ಪಾಸಾದಳು, ಅಂಕ ಒಂಬತ್ತನೇ ಕ್ಲಾಸಿನಷ್ಟು ಬರಲಿಲ್ಲ. ಆದರೆ ಆಗ ಅವಳಿಗೆ ಮಾತಾಡಲು ಬರುತ್ತಿತ್ತು.

ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಳು. ರಾಜ್ಯದ ಪಿಯು ಪಠ್ಯಕ್ರಮದ ಭಾಷೆಗಳ ಪಟ್ಟಿಯಲ್ಲಿ ಫ್ರೆಂಚ್ ಕೂಡ ಇದೆ, ಆದರೆ ಅವಳು ಸೇರಿದ ಕಾಲೇಜಿನಲ್ಲಿ ಕಲಿಸುವವರಿರಲಿಲ್ಲ. ಕನ್ನಡ, ಇಂಗ್ಲಿಷ್ ತೆಗೆದುಕೊಂಡಳು. ಎರಡು ವರ್ಷ ಫ್ರೆಂಚ್ ಇಲ್ಲ. ಬಳಸದೆ ಬಿಟ್ಟ ಭಾಷೆ ಎಷ್ಟು ಬೇಗ ಮರೆತುಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಒಂದು ಹಟ ಹಿಡಿದೆ, ಡೆಲ್ಫ್ ಎ2 ಪರೀಕ್ಷೆ ಬರೆಯಲೇಬೇಕು ಎಂದು. ಇದು ಫ್ರಾನ್ಸಿನ ಶಿಕ್ಷಣ ಇಲಾಖೆ ಕೊಡುವ ಪ್ರಮಾಣಪತ್ರ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ನಾಲ್ಕಕ್ಕೂ 25ರಂತೆ 100 ಅಂಕ. ಪಾಸಾಗಲು ಒಟ್ಟು 50 ಬೇಕು, ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಒಮ್ಮೆ ಸಿಕ್ಕರೆ ಜೀವನಪೂರ್ತಿ ನಡೆಯುತ್ತದೆ. ಶಾಲೆಯ ಅಂಕಪಟ್ಟಿ ನೋಡಿ ಹೊರಗಿನವರಿಗೆ ಮಗುವಿಗೆ ಎಷ್ಟು ಫ್ರೆಂಚ್ ಬರುತ್ತದೆ ಎಂದು ತಿಳಿಯುವುದಿಲ್ಲ. ಈ ಕಾಗದ ನೋಡಿದರೆ ತಿಳಿಯುತ್ತದೆ.

ಅಪ್ಪ ಮಗಳು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದರು. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಪರೀಕ್ಷೆ. ಓದುವುದರಲ್ಲಿ ಚೆನ್ನಾಗಿ ಬಂತು, ಕೇಳುವುದರಲ್ಲಿ ಪರವಾಗಿಲ್ಲ, ಮಾತಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಪಾಸು. ಮಾತಿನ ಭಾಗದಲ್ಲಿ ನಿಮ್ಮ ಊರಿನ ಬಗ್ಗೆ ಹೇಳಿ ಎಂದಾಗ ಅವಳು ಕಣದಲ್ಲಿ ಮೆಣಸು ಒಣಗಿಸುವುದನ್ನು ಹೇಳಿದಳಂತೆ.

ಕಾಲೇಜಿನಲ್ಲಿ

ಮೊದಲು ಉಪಯೋಗಕ್ಕೆ ಬಾರದ್ದನ್ನು ಹೇಳುತ್ತೇನೆ. 2021ರಲ್ಲಿ ಸೀಟು ಸಿಕ್ಕಿದ್ದಕ್ಕೂ ಫ್ರೆಂಚಿಗೂ ಸಂಬಂಧವಿಲ್ಲ. ಸಿಇಟಿ ಬರೆದಳು, ಕೃಷಿಕರ ಕೋಟಾ ಇತ್ತು, ಸೀಟು ಬಂತು. ಫ್ರೆಂಚಿಗೆ ಅಲ್ಲಿ ಅರ್ಧ ಅಂಕವೂ ಇಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ ಓದಬೇಕಾದ ಸಮಯದಲ್ಲಿ ಒಂದಿಷ್ಟು ಫ್ರೆಂಚಿಗೆ ಹೋಗಿತ್ತು ಎನ್ನುವುದೂ ನಿಜವೇ.

ಮೊದಲ ಸೆಮಿಸ್ಟರಿನಲ್ಲೇ ಸಸ್ಯಗಳ ಲ್ಯಾಟಿನ್ ಹೆಸರುಗಳು ಬಂದವು. ನೂರಾರು. ಜತೆಗಿದ್ದವರು ಗಟ್ಟು ಹೊಡೆಯುತ್ತಿದ್ದರು. ಇವಳಿಗೆ ಒಂದು ಕಡೆ ಕಣ್ಣು ನಿಂತಿತು. ರಾಮಪತ್ರೆ ಮರ ಮಿರಿಸ್ಟಿಕಾ ಮಲಬಾರಿಕಾ. ಬಿಳಿ ದೇವದಾರು ಡೈಸಾಕ್ಸಿಲಮ್ ಮಲಬಾರಿಕಮ್. ಎರಡೂ ಮಲಬಾರಿನವೇ, ಒಂದರ ಕೊನೆಗೆ "ಕಾ", ಇನ್ನೊಂದರ ಕೊನೆಗೆ "ಕಮ್" ಯಾಕೆ? ಇದು ಫ್ರೆಂಚಿನಲ್ಲಿ ತಾನು ಗೋಳಾಡಿದ ಅದೇ ಲಿಂಗದ ಕಥೆ ಎಂದು ಅವಳಿಗೆ ಹೊಳೆಯಿತು. ಫ್ರೆಂಚ್ ಹುಟ್ಟಿದ್ದೇ ಲ್ಯಾಟಿನ್ನಿನಿಂದ. ಲ್ಯಾಟಿನ್ನಿನಲ್ಲಿ ಲಿಂಗ ಮೂರು, ಫ್ರೆಂಚಿನಲ್ಲಿ ಉಳಿದದ್ದು ಎರಡು. ಮೊದಲ ಪದ ಸ್ತ್ರೀಲಿಂಗವಾದರೆ ಅದರ ಗುಣ ಹೇಳುವ ಎರಡನೇ ಪದವೂ ಸ್ತ್ರೀಲಿಂಗ, ಪುಲ್ಲಿಂಗವಾದರೆ ಪುಲ್ಲಿಂಗ, ನಪುಂಸಕವಾದರೆ ನಪುಂಸಕ. ಕಾಫಿಯಾ ಅರಾಬಿಕಾ, ತೋಟದ ಸಿಲ್ವರ್ ಓಕ್ ಆದ ಗ್ರೆವಿಲಿಯಾ ರೊಬಸ್ಟಾ, ಎಲ್ಲ ಒಂದೇ ಸಾಲಿಗೆ ಬಂದು ನಿಂತವು. ಆವತ್ತು ರಾತ್ರಿ ಫೋನ್ ಮಾಡಿ, "ಮೇಡಂ, ಹೆಬ್ಬಲಸು ಆರ್ಟೋಕಾರ್ಪಸ್ ಹಿರ್ಸುಟಸ್. ಹಿರ್ಸುಟಾ ಯಾಕಲ್ಲ ಅಂತ ಈಗ ಗೊತ್ತಾಯ್ತು" ಎಂದಳು. ಒಂಬತ್ತನೇ ಕ್ಲಾಸಿನ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಈ ನಿಯಮದ ಆಚೆ ನಿಲ್ಲುವ ಹೆಸರುಗಳೂ ಇವೆ, ಅವನ್ನು ಮಾತ್ರ ಅವಳು ಬಾಯಿಪಾಠ ಮಾಡಿದಳು.

ಇಂಗ್ಲಿಷ್ ಓದೂ ಹಗುರವಾಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆ ಭಾಷೆಗೆ ಫ್ರೆಂಚ್ ಪದಗಳು ರಾಶಿ ರಾಶಿ ಬಂದವು. ನಾನು ಶಾಲೆಯಲ್ಲಿ ಇದಕ್ಕೆ ಹಂದಿಯ ಉದಾಹರಣೆ ಕೊಡುತ್ತಿದ್ದೆ. ಗೂಡಿನಲ್ಲಿದ್ದಾಗ ಅದು ಇಂಗ್ಲಿಷರ ಪಿಗ್, ಬಡಿಸುವಾಗ ಫ್ರೆಂಚರ ಪೋರ್ಕ್. ಕೊಡಗಿನ ಮಕ್ಕಳು ಇದನ್ನು ಮರೆಯುವುದುಂಟೇ! ಅರಣ್ಯಶಾಸ್ತ್ರದ ಪುಸ್ತಕದಲ್ಲಿ ಟೆರೈನ್, ರವೀನ್, ಡೆಬ್ರಿ, ಲಿಯಾನಾ ಎಂದೆಲ್ಲ ಬಂದಾಗ ಅವಳಿಗೆ ಅವು ಮೊದಲೇ ನೋಡಿದ ಮುಖಗಳು.

ಅವಳು ಕಂಡುಕೊಂಡ ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಕಾಡಿಗೆ ಫ್ರೆಂಚಿನಲ್ಲಿ "ಫೊರೆ". ಬರೆಯುವಾಗ ಕೊನೆಯ ಸ್ವರದ ಮೇಲೆ ಟೋಪಿಯಂಥ ಗುರುತು ಹಾಕುತ್ತಾರೆ. ಹಿಂದೆ ಅಲ್ಲಿ "ಸ" ಇತ್ತು, ಬಿದ್ದುಹೋಯಿತು ಎಂದು ಆ ಟೋಪಿ ಹೇಳುತ್ತದೆ. ಇಂಗ್ಲಿಷಿನವರು ಹಳೇ ರೂಪವನ್ನೇ ಇಟ್ಟುಕೊಂಡರು, ಫಾರೆಸ್ಟ್. ಆಸ್ಪತ್ರೆಗೆ ಫ್ರೆಂಚಿನಲ್ಲಿ "ಒಪಿತಾಲ್", ಇಂಗ್ಲಿಷಿನಲ್ಲಿ ಹಾಸ್ಪಿಟಲ್. ಅದೂ ಹಾಗೆಯೇ. ನಾನು ಇಷ್ಟು ಮಾತ್ರ ಕಲಿಸಿದ್ದೆ. ಅವಳು ಒಂದು ನವೆಂಬರಿನಲ್ಲಿ ಹೇಳಿದಳು, "ಇದು ಪುತ್ತರಿ, ಹುತ್ತರಿ ಇದ್ದ ಹಾಗೆ ಅಲ್ವಾ ಮೇಡಂ?" ಕೊಡಗಿನ ಸುಗ್ಗಿ ಹಬ್ಬಕ್ಕೆ ಕೊಡವರು ಪುತ್ತರಿ ಎನ್ನುತ್ತಾರೆ, ಕನ್ನಡದಲ್ಲಿ ಅದು ಹುತ್ತರಿ. ಹಳಗನ್ನಡದ ಪಾಲು, ಪೂ ಇಂದಿನ ಕನ್ನಡದಲ್ಲಿ ಹಾಲು, ಹೂ. ಕೊಡವ ತಕ್ಕಿನಲ್ಲಿ "ಪ" ಹಾಗೇ ನಿಂತಿದೆ. ಒಂದು ಭಾಷೆ ಬಿಟ್ಟದ್ದನ್ನು ಪಕ್ಕದ ಭಾಷೆ ಕಾಪಾಡಿಕೊಂಡಿದೆ. ಇಷ್ಟು ವರ್ಷ ಹುತ್ತರಿ ಆಚರಿಸಿ, ಫ್ರೆಂಚೂ ಕಲಿಸಿ, ನನಗೆ ಇದು ಹೊಳೆದಿರಲಿಲ್ಲ.

ನೇರ ಉಪಯೋಗ ಬಂದದ್ದು ಕೊನೆಯ ವರ್ಷ. ಅವಳು ಪ್ರಾಜೆಕ್ಟಿಗೆ ದೇವರಕಾಡು ತೆಗೆದುಕೊಂಡಳು. ಕೊಡಗಿನಲ್ಲಿ ದಾಖಲಾದ ದೇವರಕಾಡುಗಳೇ 1,214. ಓದುತ್ತಾ ಹೋದಂತೆ ಮತ್ತೆ ಮತ್ತೆ ಒಂದು ಸಂಸ್ಥೆಯ ಹೆಸರು ಸಿಕ್ಕಿತು, 1955ರಲ್ಲಿ ಶುರುವಾದ ಪುದುಚೇರಿಯ ಫ್ರೆಂಚ್ ಸಂಸ್ಥೆ. ಪಶ್ಚಿಮ ಘಟ್ಟದ ಕಾಡುಗಳ ನಕ್ಷೆ ಮಾಡಿದವರು ಅವರು. 1982ರ ಅವರ ಒಂದು ನಕ್ಷೆಯ ಹೆಸರೇ ಮರ್ಕೆರಾ–ಮೈಸೂರು (ಮರ್ಕೆರಾ ಎಂದರೆ ಮಡಿಕೇರಿಯ ಹಳೇ ಇಂಗ್ಲಿಷ್ ಹೆಸರು). ಅಲ್ಲಿನ ಜಾಂ ಪಿಯರ್ ಪಾಸ್ಕಲ್ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳ ಬಗ್ಗೆ ಮಾಡಿದ ದೊಡ್ಡ ಅಧ್ಯಯನ 1984ರಲ್ಲಿ ಫ್ರೆಂಚಿನಲ್ಲಿ ಬಂತು. ಇಂಗ್ಲಿಷಿನಲ್ಲಿ ಬಂದದ್ದು 1988ರಲ್ಲಿ. ನಮ್ಮ ಮನೆ ಹಿಂದಿನ ಕಾಡಿನ ಸುದ್ದಿಯನ್ನು ಮೊದಲು ಫ್ರೆಂಚ್ ಓದುವವರು ಓದಿದ್ದರು ಎಂದು ತಿಳಿದಾಗ ಹುಡುಗಿಗೆ ಒಂಥರಾ ಆಯಿತಂತೆ. ಇಂಗ್ಲಿಷ್ ಪುಸ್ತಕ ಇದ್ದಮೇಲೆ ಫ್ರೆಂಚ್ ಯಾಕೆ ಎಂದು ಕೇಳಬಹುದು. ನಿಜ, ಮುಖ್ಯ ವಿಷಯಕ್ಕೆ ಬೇಕಿಲ್ಲ. ಆದರೆ ಅಡಿಟಿಪ್ಪಣಿ ಹಿಡಿದು ಹಿಂದೆ ಹೋದರೆ ಹಳೆಯ ವರದಿಗಳು ಫ್ರೆಂಚಿನಲ್ಲೇ ಇವೆ. ಅವಳ ಎ2 ಫ್ರೆಂಚಿಗೆ ಅವು ಪೂರ್ತಿ ಬಗ್ಗಲಿಲ್ಲ. ನಿಘಂಟು ಇಟ್ಟುಕೊಂಡು ಒಂದು ಪುಟಕ್ಕೆ ಒಂದು ಸಂಜೆ. ಮರದ ಹೆಸರು ಲ್ಯಾಟಿನ್ನಿನಲ್ಲಿ ಇದ್ದದ್ದರಿಂದ, ಅಂಕಿ ಅಂಕಿಯೇ ಆದದ್ದರಿಂದ, ವಾಕ್ಯದ ಎಲುಬು ಗೊತ್ತಿದ್ದದ್ದರಿಂದ ದಾಟಿದಳು. ಕ್ಲಾಸಿನಲ್ಲಿ ಬೇರೆ ಯಾರಿಗೂ ಆ ಪುಟ ತೆಗೆಯುವ ಧೈರ್ಯ ಇರಲಿಲ್ಲ.

ಅರಣ್ಯ ಓದುವವರಿಗೆ ಫ್ರೆಂಚ್ ಹೊಸ ನೆಂಟಸ್ತಿಕೆಯೂ ಅಲ್ಲ. 1867ರಿಂದ 1885ರವರೆಗೆ ಭಾರತದ ಅರಣ್ಯ ಸೇವೆಗೆ ಆಯ್ಕೆಯಾದವರನ್ನು ಫ್ರಾನ್ಸ್ ಮತ್ತು ಜರ್ಮನಿಗೆ ಕಳಿಸಿ ತರಬೇತಿ ಕೊಡುತ್ತಿದ್ದರು. ಫ್ರಾನ್ಸಿನಲ್ಲಿ ಅದು ನಾನ್ಸಿ ಊರಿನ ಅರಣ್ಯ ಶಾಲೆ, 1824ರಲ್ಲಿ ಕಟ್ಟಿದ್ದು. ಆ ಊರಿನಲ್ಲಿ ಇವತ್ತಿಗೂ ಅರಣ್ಯ ಕಲಿಸುತ್ತಾರೆ. ನಮ್ಮ ಅರಣ್ಯ ಇಲಾಖೆಯ ಎಷ್ಟೋ ಪದ್ಧತಿಗಳ ಬೇರು ಆ ಎರಡು ದೇಶಗಳಲ್ಲಿದೆ.

ಮುಂದಿನ ಓದು

ಈಗ ಅವಳ ಮುಂದೆ ಎಂಎಸ್ಸಿ ಪ್ರಶ್ನೆ ಇದೆ. ಫ್ರಾನ್ಸ್ 2030ರ ಹೊತ್ತಿಗೆ 30,000 ಭಾರತೀಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಗುರಿ ಇಟ್ಟಿದೆ. 2024ರ ಜನವರಿಯಲ್ಲಿ ಅಧ್ಯಕ್ಷ ಮ್ಯಾಕ್ರಾನ್ ಗಣರಾಜ್ಯೋತ್ಸವಕ್ಕೆ ಬಂದಾಗ ಇದನ್ನೇ ಮತ್ತೆ ಹೇಳಿದರು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಯುರೋಪಿನ ಹೊರಗಿನವರಿಗೆ ಮಾಸ್ಟರ್ಸ್ ಶುಲ್ಕ 2019ರಲ್ಲಿ ವರ್ಷಕ್ಕೆ 3,770 ಯೂರೋ ಎಂದು ಗೊತ್ತು ಮಾಡಿದರು. ಇಂಗ್ಲೆಂಡ್, ಅಮೆರಿಕಕ್ಕೆ ಹೋಲಿಸಿದರೆ ಕಡಿಮೆ. ಐದೆಕರೆ ತೋಟದವರಿಗೆ ಕಡಿಮೆಯಲ್ಲ, ಅದರ ಮೇಲೆ ಊಟ, ಬಾಡಿಗೆ ಬೇರೆ. ಶಾರ್ಪಾಕ್ ವಿದ್ಯಾರ್ಥಿವೇತನ ಇದೆ, ಸ್ಪರ್ಧೆಯೂ ಇದೆ. ಇಂಗ್ಲಿಷಿನಲ್ಲೇ ನಡೆಯುವ ಮಾಸ್ಟರ್ಸ್ ಕೋರ್ಸುಗಳಿವೆ, ಅಲ್ಲಿ ಫ್ರೆಂಚ್ ಕಡ್ಡಾಯವಲ್ಲ. ಆದರೆ ಕಾಡಿನ ಕೆಲಸ ಎಂದರೆ ಹಳ್ಳಿಯವರ ಜತೆ ಮಾತು, ಅಲ್ವಾ? ಅಲ್ಲಿ ಪ್ರಯೋಗಾಲಯದ ಇಂಗ್ಲಿಷ್ ನಡೆಯುವುದಿಲ್ಲ.

ಅಪ್ಪ ಅವಸರ ಮಾಡುತ್ತಿಲ್ಲ. "ಎರಡು ಕೊಯ್ಲು ನೋಡುವಾ, ಅಷ್ಟರಲ್ಲಿ ಅವಳ ಪರೀಕ್ಷೆಯೂ ಮುಗೀಲಿ" ಎನ್ನುತ್ತಾರೆ. ಅವಳು ಬಿ1ಗೆ ಓದುತ್ತಿದ್ದಾಳೆ, ಜತೆಗೆ ಅರಣ್ಯ ಇಲಾಖೆಯ ನೇಮಕಾತಿಗೂ. ಅದರಲ್ಲಿ ಕನ್ನಡ ಪತ್ರಿಕೆಯ ತಯಾರಿಗೆ ಅವಳಿಗೆ ಸಹಾಯವೇ ಬೇಕಾಗಿಲ್ಲ. ಅವತ್ತು ಅಪ್ಪ ಹಟ ಹಿಡಿದದ್ದು ಎಷ್ಟು ಒಳ್ಳೆಯದಾಯಿತು.

ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಈಗ ಫ್ರೆಂಚ್ ಇಲ್ಲ. ಮಕ್ಕಳ ಸಂಖ್ಯೆ ಸಾಲದು ಎಂದು ನಿಲ್ಲಿಸಿದರು. ಈಗಲೂ ಪೋಷಕರು ದಾರಿಯಲ್ಲಿ ಸಿಕ್ಕಾಗ ಅದೇ ಪ್ರಶ್ನೆ ಕೇಳುತ್ತಾರೆ. ಅಂಕಕ್ಕಾಗಿ ಬೇಡ ಎನ್ನುತ್ತೇನೆ. ಕನ್ನಡ ಉಳಿಸಿಕೊಂಡು, ಮೂರು ವರ್ಷ ಬಿಡದೆ, ಬಾಯಿಬಿಟ್ಟು ಮಾತಾಡುವ ಹಾಗೆ ಕಲಿಸುವವರಿದ್ದರೆ ಸೇರಿಸಿ, ಹತ್ತು ಮುಗಿದ ತಕ್ಷಣ ಡೆಲ್ಫ್ ಬರೆಸಿ ಎನ್ನುತ್ತೇನೆ.

ಕಳೆದ ತಿಂಗಳು ಅವಳ ಮನೆಗೆ ಹೋಗಿದ್ದೆ. ದೇವರಕಾಡು ಮತ್ತು ತೋಟದ ಮರಗಳ ಪಟ್ಟಿ ಮಾಡುತ್ತಿದ್ದಳು. ನಾಲ್ಕು ಕಾಲಂ, ಕನ್ನಡ, ಕೊಡವ ತಕ್ಕ್, ಲ್ಯಾಟಿನ್, ಫ್ರೆಂಚ್. ಕೆಳಗೆ ತೋಟದ ಕೆಲಸಗಳ ಹೆಸರೂ ಇದ್ದವು. ಮರ ಕಪಾತು ಎಂಬಲ್ಲಿ ಫ್ರೆಂಚ್ ಕಾಲಮಿನಲ್ಲಿ ಒಂದು ಪದ ಬರೆದು ಹೊಡೆದುಹಾಕಿದ್ದಳು. "ಎಲಾಗಾಜ್ ಅಂತ ಇದೆ ಮೇಡಂ, ಕೊಂಬೆ ಕತ್ತರಿಸೋದು. ಆದರೆ ಕಾಫಿಗೆ ಎಷ್ಟು ಬಿಸಿಲು ಬೀಳಬೇಕು ಅಂತ ಅಳೆದು ಕತ್ತರಿಸೋದು ಅದರಲ್ಲಿ ಬರಲ್ಲ" ಎಂದಳು. ಅಪ್ಪ ಕಣದಿಂದಲೇ ಕೂಗಿ, "ಮತ್ತೆ ಏನು ಬರೆದೆ?" ಎಂದು ಕೇಳಿದರು. ಅವಳು ಆ ಕಾಲಮಿನಲ್ಲಿ ಮರ ಕಪಾತು ಎಂದೇ ಫ್ರೆಂಚ್ ಅಕ್ಷರದಲ್ಲಿ ಬರೆದು, ಅದರ ಕೆಳಗೆ ಹಾಗೆಂದರೇನು ಎಂದು ಎರಡು ಸಾಲು ಫ್ರೆಂಚಿನಲ್ಲಿ ವಿವರಿಸಿದ್ದಳು. ನಾನು ಓದಿದೆ. ಒಂದು ಕಡೆ ಲಿಂಗ ತಪ್ಪಿತ್ತು. ಪೆನ್ಸಿಲಿನಲ್ಲಿ ತಿದ್ದಿ ಕೊಟ್ಟೆ.